ಕೆಳಗೆ ಪೂಜ್ಯ ಕೂರಬಾರದು

ಗಣಿತದ ಟೀಚರ್ ಮನೆ ಅಂದರೆ ಅಲ್ಲಿ ನಗು ಹತ್ತಿರಕ್ಕೂ ಸುಳಿಯುವುದಿಲ್ಲ ಅಂತ ಜನ ತಿಳಿದಿದ್ದಾರೆ. ಅಂಥವರು ನಮ್ಮ ಮಹಡಿಗೆ ಒಂದು ಸಂಜೆ ಬಂದು ಕೂರಬೇಕಿತ್ತು. ನಗಿಸಬೇಕು ಅಂತ ನಾನಾಗಿ ಒಂದು ಮಾತೂ ಆಡಿದವಳಲ್ಲ, ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಬರೆದೆನೋ ಇಲ್ಲವೋ, ಎಲ್ಲಿಂದಲೋ ಒಂದು ಪ್ರಸಂಗ ಮೆಟ್ಟಿಲು ಹತ್ತಿಕೊಂಡು ಬಂದೇ ಬಿಡುತ್ತಿತ್ತು.

ತೊಂಬತ್ತರ ದಶಕದ ಮಾತು. ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದು ತಮಿಳುನಾಡಿನ ಕೋತಗಿರಿಯಲ್ಲಿ ದಿನಸಿ ಅಂಗಡಿ ಇಟ್ಟ ಕುಟುಂಬ. ಕೆಳಗೆ ಅಂಗಡಿ, ಮೇಲೆ ಮನೆ, ಮನೆಯ ಮುಂದಿನ ಹಲಗೆ ನೆಲದ ಕೋಣೆಯಲ್ಲಿ ನನ್ನ ಟ್ಯೂಷನ್. ಎಷ್ಟೋ ಮಕ್ಕಳು ಬಂದರು, ಹೋದರು. ಆದರೆ ಈ ಪ್ರಸಂಗಗಳೆಲ್ಲ ಒಬ್ಬ ವಿದ್ಯಾರ್ಥಿನಿಯ ಸುತ್ತಲಿನವು. ಅವಳು ಮದುವೆಯಾದ ಹೆಂಗಸು, ಎರಡು ಮಕ್ಕಳ ತಾಯಿ, ನೀಲಗಿರಿ ಬೆಟ್ಟದ ಬಡಗರವಳು. ಅವರ ಹಟ್ಟಿ, ಅಂದರೆ ಅವರ ಹಳ್ಳಿ, ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿತ್ತು. ಹತ್ತನೇ ಕ್ಲಾಸಿನ ಬೇರೆಲ್ಲ ಪೇಪರ್ ಪಾಸಾಗಿ ಗಣಿತ ಒಂದರಲ್ಲಿ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದಳು.

ಆ ವರ್ಷ ಅವರ ಹಟ್ಟಿಯಲ್ಲಿ ಬಾಲವಾಡಿ ತೆರೆಯುವುದಿತ್ತು. ಹತ್ತನೇ ಕ್ಲಾಸು ಪಾಸಾದ ಹೆಂಗಸು ಹಟ್ಟಿಯಲ್ಲೇ ಇದ್ದರೆ ಕೆಲಸ ಅವಳಿಗೆ, ಇಲ್ಲದಿದ್ದರೆ ಪೇಟೆಯಿಂದ ಯಾರನ್ನೋ ಕಳಿಸುತ್ತಾರೆ ಅಂತ ಮಾತಾಗಿತ್ತು. ಇವಳಿಗೆ ಆ ಕೆಲಸ ಬೇಕು ಅಂದರೆ ಬೇಕೇ ಬೇಕು. ಅವಳಿಗಿಂತ ಹೆಚ್ಚಾಗಿ ಅದು ಅವಳ ಅತ್ತೆಗೆ ಬೇಕಾಗಿತ್ತು, ಯಾಕೆಂದರೆ ಆಕೆ ಆಗಲೇ ಹಟ್ಟಿಯ ಪ್ರತಿ ಮನೆಗೂ ಹೋಗಿ "ಟೀಚರು ನಮ್ಮ ಮನೆಯವಳೇ" ಅಂತ ಹೇಳಿಕೊಂಡು ಬಂದಿದ್ದರು. ಈಗ ಸೊಸೆ ಫೇಲಾದರೆ ಮುಖ ಎಲ್ಲಿಡುವುದು ಅಂತ ತಾವೇ ಬಿಳಿ ಮುಂಡು ಹೊದ್ದುಕೊಂಡು ಸೊಸೆಯ ಜೊತೆ ಟ್ಯೂಷನ್ನಿಗೆ ಹೊರಟು ಬರುತ್ತಿದ್ದರು. ನನ್ನ ಇದ್ದಿಲ ಅಗ್ಗಿಷ್ಟಿಕೆಯ ಪಕ್ಕ ಕೂತು ಕೈ ಕಾಯಿಸುತ್ತಾ ಪಾಠವನ್ನೆಲ್ಲ ಕೇಳುತ್ತಿದ್ದರು. ಅವರ ಬಡಗ ಮಾತು, ನನ್ನ ಕನ್ನಡ, ಪುಸ್ತಕದ ತಮಿಳು ಮೂರೂ ಸೇರಿ ಆ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಅಂದಾಜು.

ಪೂಜ್ಯ ಮಾವನವರಿಗೆ

ಸೊಸೆಗೆ ಕಂಟಕವಾಗಿದ್ದದ್ದು ಒಂದೇ ಜಾತಿಯ ಲೆಕ್ಕ. ಭಿನ್ನರಾಶಿಯ ಕೆಳಗೆ, ಅಂದರೆ ಛೇದದಲ್ಲಿ, ಎಕ್ಸ್ ಕೂತಿರುತ್ತದಲ್ಲ, ಆ ಸಮೀಕರಣಗಳು. ಬಿಡಿಸುವುದೇನೋ ಚೆನ್ನಾಗಿಯೇ ಬಿಡಿಸುತ್ತಿದ್ದಳು. ಆದರೆ ಬಂದ ಉತ್ತರವನ್ನು ಹಿಂದಕ್ಕೆ ಹಾಕಿ ನೋಡಿ, ಛೇದ ಸೊನ್ನೆಯಾಗುವಂತಿದ್ದರೆ ಆ ಉತ್ತರವನ್ನು ಬಿಸಾಡಬೇಕು. ಯಾವುದನ್ನೂ ಸೊನ್ನೆಯಿಂದ ಭಾಗಿಸುವ ಹಾಗಿಲ್ಲವಲ್ಲ. ಇವಳು ಅದನ್ನೇ ಮರೆಯುತ್ತಿದ್ದಳು. ಎರಡು ಉತ್ತರ ಬಂದರೆ ಎರಡನ್ನೂ ಬರೆದು ಕೆಳಗೆ ಗೆರೆ ಎಳೆದು ಕೈ ಒರೆಸಿಕೊಳ್ಳುತ್ತಿದ್ದಳು.

ತಮಿಳಿನಲ್ಲಿ ಸೊನ್ನೆಗೆ ಪೂಜ್ಯಂ ಅನ್ನುತ್ತಾರೆ. ಅವಳಿಗೆ ತಲೆಗೆ ಹತ್ತಲಿ ಅಂತ ನಾನೂ ಅದೇ ಪದ ಹಿಡಿದೆ. ಒಂದು ದಿನ ಮೂರನೇ ಸಲ ಅದೇ ತಪ್ಪು ಮಾಡಿದಾಗ ತಾಳ್ಮೆ ತಪ್ಪಿ ಡಸ್ಟರಿನಿಂದ ಮೇಜು ಕುಟ್ಟುತ್ತಾ ಕೂಗಿದೆ, "ಎಷ್ಟು ಸಲ ಹೇಳಲಿ? ಪೂಜ್ಯ ಕೆಳಗೆ ಕೂರಬಾರದು. ಕೆಳಗೆ ಪೂಜ್ಯ ಕೂತರೆ ಇಡೀ ಲೆಕ್ಕ ಹಾಳು. ಮೊದಲು ಅದನ್ನು ಅಲ್ಲಿಂದ ಎಬ್ಬಿಸಿ ಆಚೆ ಕಳಿಸು."

ಆ ವಾರ ಗುಂಡ್ಲುಪೇಟೆಯಿಂದ ನನ್ನ ಸೋದರಮಾವ ಬಂದಿದ್ದರು. ನಮ್ಮ ಮನೆಯಲ್ಲಿ ಅವರಿಗೆ ಕಾಗದ ಬರೆದರೆ "ಪೂಜ್ಯ ಮಾವನವರಿಗೆ" ಅಂತಲೇ ಶುರು. ಪಾಪ, ಅಪ್ಪನಿಗೆ ನೆರವಾಗಲಿ ಅಂತ ಆಗ ಕೆಳಗೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಲೆಕ್ಕ ನೋಡುತ್ತಿದ್ದರು. ತಲೆಯ ಮೇಲೆ ಬರೀ ಹಲಗೆ. ನನ್ನ ಗಂಟಲು ಬೇರೆ ಕೇಳಬೇಕೇ?

ಐದು ನಿಮಿಷದಲ್ಲಿ ಮಾವ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. "ನಾನು ಕೆಳಗೆ ಕೂತಿದ್ದಕ್ಕೆ ಲೆಕ್ಕ ಹಾಳಾಯಿತೇನಮ್ಮ? ಎಬ್ಬಿಸಿ ಕಳಿಸುವಷ್ಟು ಭಾರವಾದೆನಾ?"

ನನಗೆ ಅರ್ಥವಾಗುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು. "ಅಯ್ಯೋ ಮಾವ, ನಿಮಗಲ್ಲ ಹೇಳಿದ್ದು. ಇಲ್ಲಿ ಪೂಜ್ಯ ಅಂದರೆ ಸೊನ್ನೆ" ಅಂದೆ.

ಮಾವ ಬೋರ್ಡು ನೋಡಿದರು, ನನ್ನನ್ನು ನೋಡಿದರು. ಚೀಲ ಕೆಳಗಿಟ್ಟರು. "ಹಾಗಾದರೆ ಇಷ್ಟು ವರ್ಷ ನೀನು ಬರೆದ ಕಾಗದಗಳಿಗೆಲ್ಲ ಏನು ಅರ್ಥ?" ಅಂದರು.

ತೊಗುದಿ, ಪಗುದಿ

ತಮಿಳು ಪುಸ್ತಕದಲ್ಲಿ ಭಿನ್ನರಾಶಿಯ ಮೇಲಿನದಕ್ಕೆ ತೊಗುದಿ, ಕೆಳಗಿನದಕ್ಕೆ ಪಗುದಿ. ಇದರಲ್ಲೇನೂ ತಕರಾರಿಲ್ಲ. ತಕರಾರು ಏನೆಂದರೆ, ಚುನಾವಣೆಯ ಕ್ಷೇತ್ರಕ್ಕೂ ತೊಗುದಿ ಅಂತಲೇ ಹೆಸರು, ನಮ್ಮ ಏರಿಯಾ ಅನ್ನುವುದಕ್ಕೂ ಪಗುದಿ ಅಂತಲೇ ಹೆಸರು. ಆಗ ಚುನಾವಣೆ ಬೇರೆ ಬಂದಿತ್ತು.

ಸೊಸೆಗೆ ಹೊಸ ಸಂಶಯ. "ಅಕ್ಕಾ, ಮೇಲೆ ಪೂಜ್ಯ ಬಂದರೂ ಉತ್ತರ ಬಿಸಾಡಬೇಕಾ?" ಅಂತ ಕೇಳಿದಳು. ಬುದ್ಧಿವಂತ ಪ್ರಶ್ನೆ, ಸಂತೋಷವಾಯಿತು. ಸಂತೋಷವಾದರೆ ನನ್ನ ದನಿ ಇನ್ನೂ ಎರಡು ಮೆಟ್ಟಿಲು ಏರುತ್ತದೆ. "ತೊಗುದಿ ಪೂಜ್ಯ ಆದರೆ ಆಗಲಿ ಬಿಡು, ನಮಗೇನು ನಷ್ಟ? ಪಗುದಿ ಪೂಜ್ಯ ಆಗದಂತೆ ನೋಡಿಕೋ, ಅಷ್ಟೇ ಸಾಕು" ಅಂದೆ.

ಕೆಳಗೆ ಮೈಕು ಕಟ್ಟಿದ ಒಂದು ಜೀಪು ನಿಂತಿತ್ತು. ಅದರಲ್ಲಿದ್ದ ಪಾರ್ಟಿಯ ಮನುಷ್ಯ ಬೀಡಿ ಕೊಳ್ಳಲು ನಮ್ಮ ಅಂಗಡಿಗೆ ಇಳಿದಿದ್ದ. ಬೀಡಿ ಮರೆತು ಮೇಲೆ ಬಂದ. "ಟೀಚರ್, ತೊಗುದಿ ನಮಗೆ ಪೂಜ್ಯಂ ಅಂತ ನಿಮಗೆ ಹೇಳಿದ್ದು ಯಾರು? ಎದುರು ಪಾರ್ಟಿಯವರು ಬಂದಿದ್ದರಾ?"

ನಾನು ಬೋರ್ಡು ತೋರಿಸಿ ಬಿಡಿಸಿ ಹೇಳಿದೆ. ಮೇಲೆ ಸೊನ್ನೆ ಬಂದರೆ ಉತ್ತರ ಸೊನ್ನೆ, ಅದೂ ಒಂದು ಉತ್ತರವೇ. ಕೆಳಗೆ ಬಂದರೆ ಮಾತ್ರ ಉತ್ತರವೇ ಇಲ್ಲ. ಆತ ಕೈಕಟ್ಟಿ ನಿಂತು ಪೂರ್ತಿ ಕೇಳಿದ. ಅಗ್ಗಿಷ್ಟಿಕೆ ಪಕ್ಕದ ಅತ್ತೆ, "ಕೂತುಕೋ ಅಪ್ಪಾ, ಫೀಸು ಕೊಟ್ಟರೆ ನಿನಗೂ ಹೇಳಿಕೊಡುತ್ತಾರೆ" ಅಂದರು.

ಚುನಾವಣೆ ಮುಗಿಯಿತು, ಅವನ ಪಾರ್ಟಿ ಸೋತಿತು. ಮುಖ ಹುಳ್ಳಗಾಗಿರುತ್ತದೆ ಅಂತ ನಾನು ಅವನನ್ನು ಕಂಡರೂ ಕಾಣದಂತೆ ಹೋಗುತ್ತಿದ್ದೆ. ಆತನೇ ಬಸ್ ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿದ. ಮುಖದಲ್ಲಿ ನಗು. "ಟೀಚರ್, ತೊಗುದಿ ಪೂಜ್ಯ ಆಯಿತು, ಆದರೆ ನಮ್ಮ ಪಗುದಿಯಲ್ಲಿ ಒಳ್ಳೆ ಓಟು ಬಿತ್ತು. ನೀವು ಹೇಳಿದ ಲೆಕ್ಕದ ಪ್ರಕಾರ ನಾವು ಇನ್ನೂ ಇದ್ದೇವೆ ಅಲ್ಲವಾ?"

ಕಡ್ಡಿ ಇರುವ ನಾಲ್ಕು

ಇಷ್ಟೆಲ್ಲ ಆದರೂ ಸೊಸೆಯ ರೋಗ ವಾಸಿಯಾಗಿರಲಿಲ್ಲ. ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ಸುಲಭದ ಒಂದು ಲೆಕ್ಕ ಕೊಟ್ಟೆ. ಎರಡು ಕಡೆಯೂ ಛೇದದಲ್ಲಿ ಎಕ್ಸ್ ಕಳೆ ನಾಲ್ಕು. ಒಂದು ಕಡೆ ಮೇಲೆ ಎಕ್ಸ್ ವರ್ಗ, ಇನ್ನೊಂದು ಕಡೆ ಮೇಲೆ ಹದಿನಾರು. ಬಿಡಿಸಿದಳು. ಉತ್ತರ ನಾಲ್ಕು ಮತ್ತು ಮೈನಸ್ ನಾಲ್ಕು ಅಂತ ಬರೆದು ಗೆರೆ ಎಳೆದಳು. ನಾಲ್ಕನ್ನು ಕೆಳಗೆ ಹಾಕಿದರೆ ನಾಲ್ಕು ಕಳೆ ನಾಲ್ಕು ಸೊನ್ನೆಯಾಗುತ್ತದೆ ಅನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ. ನನಗೆ ಅಳುವೇ ಬರುವಂತಾಯಿತು. ಈ ಹುಡುಗಿಗೆ ಕೆಲಸ ಸಿಗಬೇಕು ಅಂತ ಅಷ್ಟು ಹೊತ್ತಿಗೆ ನನಗೂ ಹಟ ಹಿಡಿದಿತ್ತು.

ನಾನು ಡಸ್ಟರ್ ಕೆಳಗಿಟ್ಟದ್ದು ನೋಡಿ ಅತ್ತೆ ಮಾತು ಬದಲಿಸಲು ತಮ್ಮ ಚಿಕ್ಕ ಮಗನ ಕಥೆ ತೆಗೆದರು. ಅವನಿಗೆ ಹೆಣ್ಣು ಹುಡುಕಿ ಹುಡುಕಿ ಸಾಕಾಗಿತ್ತು. ಹಿಂದಿನ ವಾರ ಒಂದು ಹಟ್ಟಿಗೆ ಹೋಗಿದ್ದರಂತೆ. ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ, ಊಟಕ್ಕೂ ಕೂತಾಯಿತು. ಅವರೆ ಸಾರು ಬಡಿಸುವಾಗ ಮೂಲೆಯಲ್ಲಿದ್ದ ಒಬ್ಬ ಮುದುಕ, "ನಿಮ್ಮದು ಯಾವ ಹಟ್ಟಿ ಅಂದಿರಿ?" ಅಂತ ಕೇಳಿದನಂತೆ. ಹೇಳಿದರೆ, ಅದು ಇದಕ್ಕೆ ಅಣ್ಣ-ತಮ್ಮ ಹಟ್ಟಿ. ಹಳೆ ಕಾಲದಲ್ಲಿ ಒಂದೇ ಮನೆಯಿಂದ ಒಡೆದು ಹೋದ ಹಟ್ಟಿಗಳ ನಡುವೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ.

"ಆಮೇಲೆ?" ಅಂದೆ.

"ಆಮೇಲೆ ಏನು, ಹೆಣ್ಣು ನೋಡಲು ಹೋದವನು ಅಣ್ಣನಾಗಿ ಎದ್ದು ಬಂದ. ಆ ಹುಡುಗಿಯೇ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು, 'ಉಣ್ಣು ಅಣ್ಣಾ' ಅಂತ."

ನನ್ನ ತಲೆಯಲ್ಲಿ ದೀಪ ಹತ್ತಿತು. ಸೊಸೆಯ ಕಡೆ ತಿರುಗಿ ಕೇಳಿದೆ, "ಹೆಣ್ಣು ಹುಡುಕಲು ಹೊರಡುವ ಮೊದಲು ಏನು ಮಾಡಬೇಕಿತ್ತು?"

"ಯಾವ ಯಾವ ಹಟ್ಟಿ ಆಗುವುದಿಲ್ಲ ಅಂತ ಮೊದಲೇ ನೋಡಿಕೊಳ್ಳಬೇಕಿತ್ತು."

"ಲೆಕ್ಕದಲ್ಲೂ ಅದೇ ಕಣೇ. ಛೇದ ನೋಡು. ಯಾವ ಅಂಕಿ ಹಾಕಿದರೆ ಅದು ಸೊನ್ನೆಯಾಗುತ್ತದೋ ಅದು ಅಣ್ಣ-ತಮ್ಮ. ಮೊದಲೇ ಪಕ್ಕದಲ್ಲಿ ಬರೆದಿಟ್ಟುಕೋ. ಆಮೇಲೆ ಉತ್ತರ ಹುಡುಕು. ಬಂದ ಉತ್ತರ ಅದೇ ಆಗಿದ್ದರೆ ಸಂಬಂಧ ಆಗುವುದಿಲ್ಲ."

ಅವಳು ಬೋರ್ಡನ್ನೇ ನೋಡುತ್ತಾ ನಿಂತಳು. ಮೆಲ್ಲಗೆ ಹೋಗಿ ಮೂಲೆಯಲ್ಲಿ "ಅಣ್ಣ-ತಮ್ಮ: ನಾಲ್ಕು" ಅಂತ ಬರೆದು, ಉತ್ತರದಲ್ಲಿದ್ದ ನಾಲ್ಕನ್ನು ಹೊಡೆದು ಹಾಕಿದಳು. ಒಂದು ವರ್ಷದಿಂದ ನಾನು ಗಂಟಲು ಹರಿದುಕೊಂಡು ಹೇಳಿದ್ದು ಒಂದು ಸೌಟು ಅವರೆ ಸಾರಿನಲ್ಲಿ ಇಳಿಯಿತು.

ಅತ್ತೆ ಮಾತ್ರ ಬೋರ್ಡಿನ ಹತ್ತಿರ ಬಂದು ಉಳಿದ ಮೈನಸ್ ನಾಲ್ಕನ್ನು ಅನುಮಾನದಿಂದ ನೋಡಿದರು. "ಇವನೂ ನಾಲ್ಕೇ ಅಲ್ಲವಾ? ಮುಖ ಒಂದೇ ಥರ ಇದೆ."

"ಇವನ ಮುಂದೆ ಕಡ್ಡಿ ಇದೆ ಮಾಮಿ, ಬೇರೆ ಹಟ್ಟಿಯವನು" ಅಂದಳು ಸೊಸೆ.

"ಸರಿ, ಇವನು ಇರಲಿ. ಆ ನಾಲ್ಕಕ್ಕೆ ಊಟ ಹಾಕಿ ಕಳಿಸು. ಬಂದವನು ಬರಿ ಹೊಟ್ಟೆಯಲ್ಲಿ ಹೋಗಬಾರದು."

ಕೋಸಿನ ಬುಟ್ಟಿ

ಅಲ್ಲಿಂದ ಅತ್ತೆಗೆ ಗಣಿತದ ಹುಚ್ಚು ಹಿಡಿಯಿತು. ಒಂದು ಸಂತೆಯ ದಿನ ತರಕಾರಿ ಮಾರುವವನೊಬ್ಬ ಸಿಟ್ಟಿನಿಂದ ನಮ್ಮ ಅಂಗಡಿಗೆ ಬಂದ. "ನೀವು ಟ್ಯೂಷನ್ನಿನಲ್ಲಿ ಏನು ಹೇಳಿಕೊಡುತ್ತೀರಿ ಟೀಚರ್? ಆ ಅಮ್ಮ ಒಂದು ಕೋಸು ಕೊಳ್ಳಲು ನನ್ನ ಇಡೀ ಬುಟ್ಟಿ ಬೋರಲು ಹಾಕಿದರು. ಕೇಳಿದರೆ, 'ಮೇಲೆ ಏನಿದ್ದರೂ ಪರವಾಗಿಲ್ಲ, ಕೆಳಗೆ ನೋಡದೆ ಒಪ್ಪಬಾರದು ಅಂತ ನಮ್ಮ ಟೀಚರಮ್ಮ ಹೇಳಿದ್ದಾರೆ' ಅನ್ನುತ್ತಾರೆ."

"ಕೆಳಗಿನ ಕೋಸು ಹೇಗಿತ್ತಪ್ಪಾ?" ಅಂತ ಕೇಳಿದೆ.

ಅವನು ಅಂಗಡಿಯ ಕಪಾಟಿನ ಕಡೆ ತಿರುಗಿದ. ಆಮೇಲೆ, "ಒಂದು ಕಾಫಿ ಪುಡಿ ಕೊಡಿ" ಅಂದ.

ಒಂದು ಒಂದೇ ಇರಲಿ

ಪರೀಕ್ಷೆಯ ದಿನ ಬೆಳಿಗ್ಗೆ ಮಂಜು ಇನ್ನೂ ಎದ್ದಿರಲಿಲ್ಲ. ಸ್ಕೂಲಿನ ಗೇಟಿನ ಹತ್ತಿರ ನಾವು ಮೂವರೂ ನಿಂತಿದ್ದೆವು. ಸುತ್ತ ಎಲ್ಲ ಹದಿನೈದು ಹದಿನಾರರ ಮಕ್ಕಳು, ನಡುವೆ ಸೀರೆ ಉಟ್ಟು ಸ್ವೆಟರ್ ಹಾಕಿದ ಇವಳೊಬ್ಬಳು. ಇದು ಮೂರನೇ ಸಲ, ಇನ್ನೊಂದು ಸಲ ಕೂರುವ ಹೊತ್ತಿಗೆ ಬಾಲವಾಡಿಗೆ ಬೇರೆಯವರು ಬಂದಿರುತ್ತಾರೆ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬಡಗರಲ್ಲಿ ಒಂದು ಚೆಂದದ ಪದ್ಧತಿ ಇದೆ. ಚಿಕ್ಕವರು ತಲೆ ಬಗ್ಗಿಸಿ ನಿಂತರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಸೊಸೆ ತಲೆ ಬಗ್ಗಿಸಿದಳು. ಅತ್ತೆ ಕೈಯಿಟ್ಟು, ಕಣ್ಣು ಮುಚ್ಚಿ, ಭಕ್ತಿಯಿಂದ ಶುರು ಮಾಡಿದರು. "ಒಂದು ಇದ್ದದ್ದು ಸಾವಿರ ಆಗಲಿ."

ಸೊಸೆ ಥಟ್ಟನೆ ತಲೆ ಎತ್ತಿದಳು. "ಬೇಡ ಮಾಮಿ, ಇವತ್ತು ಹಾಗೆ ಹರಸಬೇಡಿ. ಉತ್ತರ ಒಂದು ಅಂತ ಬಂದರೆ ಅದು ಒಂದೇ ಇರಲಿ. ಸಾವಿರ ಆದರೆ ಮಾರ್ಕು ಹೋಗುತ್ತದೆ."

ಅತ್ತೆ ಕೈ ಗಾಳಿಯಲ್ಲೇ ನಿಂತಿತು. ಅವರ ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲರೂ ಹರಸಿದ್ದು ಇದೇ ಮಾತಿನಲ್ಲಿ. ಅದನ್ನು ತಿದ್ದುವುದು ಹೇಗೆ? ಒಳಗೆ ಬೆಲ್ಲು ಹೊಡೆಯಿತು. ಕೊನೆಗೆ ಸೊಸೆಯ ತಲೆಯನ್ನು ಮತ್ತೆ ಬಗ್ಗಿಸಿ, "ಒಂದು ಎಷ್ಟಿರಬೇಕೋ ಅಷ್ಟೇ ಇರಲಿ. ಉಳಿದ ಒಂಬೈನೂರ ತೊಂಬತ್ತೊಂಬತ್ತು ರಿಸಲ್ಟ್ ಬಂದ ಮೇಲೆ ಕೊಡುತ್ತೇನೆ" ಅಂದರು.

ಸಂಬಂಧ ಆಗಲಿಲ್ಲ

ಪರೀಕ್ಷೆ ಮುಗಿಸಿ ಬಂದವಳ ಕಣ್ಣು ಕೆಂಪಾಗಿತ್ತು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ, ಪ್ರಶ್ನೆ ಪತ್ರಿಕೆ ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಕೇಳಿದೆ. ಕೆಲವು ಸರಿ, ಕೆಲವು ತಪ್ಪು. ಕೊನೆಗೆ ಐದು ಮಾರ್ಕಿನ ಒಂದು ಪ್ರಶ್ನೆ ಉಳಿಯಿತು, ಅದೇ ಜಾತಿಯದು. ಛೇದದಲ್ಲಿ ಎಕ್ಸ್ ಕಳೆ ಎರಡು, ಎಕ್ಸ್ ಕಳೆ ಮೂರು, ಎರಡೂ ಕೂತಿದ್ದವು. ಬಿಡಿಸಿದರೆ ಬರುವ ಉತ್ತರವೂ ಎರಡು ಮತ್ತು ಮೂರು. ಅಂದರೆ ಬಂದ ಎರಡೂ ಬಿಸಾಡಬೇಕಾದವೇ. ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ ಅಂತ ಬರೆಯಬೇಕು. ನಾನು ಅವಳಿಗೆ ಅಂಥ ಲೆಕ್ಕ ಒಂದೂ ಕೊಟ್ಟಿರಲಿಲ್ಲ.

"ಪಕ್ಕದಲ್ಲಿ ಬರೆದುಕೊಂಡೆಯಾ?"

"ಬರೆದುಕೊಂಡೆ ಅಕ್ಕಾ. ಅಣ್ಣ-ತಮ್ಮ: ಎರಡು, ಮೂರು ಅಂತ. ಬಿಡಿಸಿ ನೋಡಿದರೆ ಅವರಿಬ್ಬರೇ ಬಂದು ನಿಂತರು. ನನಗೆ ಗಾಬರಿಯಾಯಿತು. ಮತ್ತೆ ಬಿಡಿಸಿದೆ, ಮತ್ತೆ ಅವರೇ. ಅಷ್ಟರಲ್ಲಿ ಬೆಲ್ಲು ಹೊಡೆಯಿತು, ಮೇಡಂ ಪೇಪರ್ ಎಳೆದರು, ಕೈಗೆ ಬಂದದ್ದು ಬರೆದು ಕೊಟ್ಟೆ."

"ಏನು ಬರೆದೆ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರೀಕ್ಷೆ ತಮಿಳಿನಲ್ಲಿ, ಅವಳು ಬರೆದದ್ದೂ ತಮಿಳಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಇಬ್ಬರೂ ಅಣ್ಣ-ತಮ್ಮ ಆಗಬೇಕು. ಆದ್ದರಿಂದ ಹೆಣ್ಣು ಸಿಗಲಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆ. ಸರಿಯಾದ ಉತ್ತರಗಳ ಮಾರ್ಕು ಕೂಡಿ ನೋಡಿದೆ. ಪಾಸಿಗೆ ಸರಿಯಾಗಿ ಐದು ಕಡಿಮೆ. ಇನ್ನು ಎಲ್ಲವೂ ಎಲ್ಲೋ ಕೂತು ಪೇಪರ್ ತಿದ್ದುವ ಒಬ್ಬ ಪುಣ್ಯಾತ್ಮನ ಕೈಯಲ್ಲಿತ್ತು. ಲೆಕ್ಕಕ್ಕೆ ಹೆಣ್ಣು ಸಿಗಲಿಲ್ಲ ಅಂತ ಓದಿ ಅವನು ನಗುತ್ತಾನೋ, ಕೆಂಪು ಗೀಟು ಎಳೆಯುತ್ತಾನೋ. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ. ಗಣಿತ ಓದಿದವಳು ನಾನು, ಅದಕ್ಕೆ ಮೊದಲು ಎಂದೂ ಮಾರ್ಕಿಗಾಗಿ ದೀಪ ಹಚ್ಚಿರಲಿಲ್ಲ.

ರಿಸಲ್ಟ್ ಬಂದ ದಿನ ಅತ್ತೆ-ಸೊಸೆ ಇಬ್ಬರೂ ಒಂದು ಮೂಟೆ ಆಲೂಗಡ್ಡೆ ಹೊರಿಸಿಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಸೊಸೆ ಪಾಸಾಗಿದ್ದಳು. ಪಾಸಿಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಲವಾಡಿ ಅವಳದೇ ಆಯಿತು. ಅತ್ತೆಯ ಕಣ್ಣೆದುರೇ ಅವಳನ್ನು ತಬ್ಬಿಕೊಂಡು ನಾನು ಗೊಳೋ ಅಂತ ಅತ್ತುಬಿಟ್ಟೆ. ಅತ್ತೆ ಮಾತಿಗೆ ತಪ್ಪದೆ, ಬಾಕಿ ಉಳಿಸಿಕೊಂಡಿದ್ದ ಒಂಬೈನೂರ ತೊಂಬತ್ತೊಂಬತ್ತನ್ನೂ ಸೊಸೆಯ ತಲೆಯ ಮೇಲೆ ಸುರಿದರು.

ಆಮೇಲೆ ಅಗ್ಗಿಷ್ಟಿಕೆಯ ಪಕ್ಕದ ತಮ್ಮ ಜಾಗದಲ್ಲಿ ಕೂತು ಕೇಳಿದರು, "ಟೀಚರಮ್ಮ, ಇವಳು ಪೇಪರಿನಲ್ಲಿ ಏನೋ ಎಡವಟ್ಟು ಬರೆದಿದ್ದಾಳೆ ಅಂತ ಅವತ್ತು ನೀವು ಹೆದರಿದ್ದಿರಲ್ಲ, ಅದೇನಾಯಿತು?"

"ಅದಕ್ಕೇ ಐದಕ್ಕೆ ಐದು ಮಾರ್ಕು ಬಂದಿದೆ ಅಮ್ಮಾ. ಅದಿಲ್ಲದಿದ್ದರೆ ಪಾಸೇ ಇಲ್ಲ. ಹೆಣ್ಣು ಸಿಗಲಿಲ್ಲ ಅಂತ ಬರೆದದ್ದೇ ಸರಿ ಉತ್ತರ."

ಅತ್ತೆ ಕೆಂಡವನ್ನು ಕೆದಕಿದರು. ನಿಟ್ಟುಸಿರು ಬಿಟ್ಟು ಅಂದರು, "ಹೆಣ್ಣು ಸಿಗಲಿಲ್ಲ ಅಂದರೆ ಸರ್ಕಾರ ಮಾರ್ಕು ಕೊಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ನನ್ನ ಚಿಕ್ಕ ಮಗನನ್ನು ಕೂರಿಸುತ್ತಿದ್ದೆ. ನೂರಕ್ಕೆ ನೂರು ತೆಗೆಯುತ್ತಿದ್ದ."